ಗಾಯ ಚಿಕ್ಕದು, ಆರೈಕೆ ಚಿಕ್ಕದಲ್ಲ



ಯೆಣೆಗೂರ, ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಹಿರಿಯರ ಮೊಣಕಾಲು ನೋವು ಹೊಸ ಸಂಗತಿಯಲ್ಲ. ಅದರಲ್ಲೂ ತಾಯಂದಿರದು ಹೆಚ್ಚು. ಮಿರಗದ ಮಳೆಯಿಂದ ಸುಗ್ಗಿಯವರೆಗೆ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದವರು, ಒಲೆಯ ಮುಂದೆ ನೆಲದಲ್ಲಿ ಕುಳಿತು ರೊಟ್ಟಿ ಬಡಿದವರು ಅವರು. ಕೀಲಿನ ಮೆದು ಎಲುಬು ಸವೆದು, ಎಲುಬಿಗೆ ಎಲುಬು ತಿಕ್ಕತೊಡಗಿ, ಗುಳಿಗೆ, ವ್ಯಾಯಾಮಗಳಿಂದಲೂ ಗುಣ ಕಾಣದಿದ್ದಾಗ ಸೊಲ್ಲಾಪುರಕ್ಕೋ ಲಾತೂರಿಗೋ ಕಲಬುರಗಿಗೋ ಹೋಗಿ ಕೀಲು ಬದಲಾಯಿಸಿಕೊಳ್ಳುವವರು ಈಗ ನಮ್ಮಲ್ಲೂ ಇದ್ದಾರೆ. ಇದು ಒಳ್ಳೆಯದೇ. ಆದರೆ "ಈಗ ಚಿಕ್ಕ ಗಾಯದ ಆಪರೇಷನ್ ಬಂದಿದೆ, ನಾಲ್ಕು ದಿನದಲ್ಲಿ ಓಡಾಡಬಹುದು" ಎಂಬ ಮಾತು ಕೇಳಿ ಮನೆಯವರು ಮುಂದಿನ ಮೂರು ತಿಂಗಳನ್ನು ಮರೆತುಬಿಡುತ್ತಾರೆ. ಆ ವಿಷಯವನ್ನೇ ಇಲ್ಲಿ ಹೇಳಬೇಕಾಗಿದೆ.

ಮೊದಲು ಈ ಚಿಕ್ಕ ಗಾಯವೆಂದರೇನು ತಿಳಿಯೋಣ. ಹಳೆಯ ರೀತಿಯಲ್ಲಿ ಮೊಣಕಾಲಿನ ಮುಂದೆ ಸುಮಾರು 20ರಿಂದ 25 ಸೆಂಟಿಮೀಟರ್ ಕೊಯ್ಯುತ್ತಾರೆ. ಹೊಸ ರೀತಿಯಲ್ಲಿ 10ರಿಂದ 15 ಸೆಂಟಿಮೀಟರ್ ಸಾಕು. ತೊಡೆಯ ಮುಂಭಾಗದ ದೊಡ್ಡ ಸ್ನಾಯುವನ್ನು ಆದಷ್ಟು ಕೊಯ್ಯದೆ ಪಕ್ಕಕ್ಕೆ ಸರಿಸುತ್ತಾರೆ. ಇದರಿಂದ ಮೊದಲ ಕೆಲವು ವಾರ ನೋವು ತುಸು ಕಡಿಮೆಯಾಗಬಹುದು, ಕಾಲು ಎತ್ತುವ ಶಕ್ತಿ ಬೇಗ ಬರಬಹುದು. ಆದರೆ ಒಳಗೆ ಕೊಯ್ಯುವ ಎಲುಬು ಅಷ್ಟೇ, ಕೂಡಿಸುವ ಲೋಹದ ಕೀಲು ಅದೇ. ಕೆಲವು ತಿಂಗಳು ಕಳೆದ ಮೇಲೆ ಎರಡೂ ರೀತಿಯವರ ನಡಿಗೆಯಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಚಿಕ್ಕ ಕಿಂಡಿಯಿಂದ ಕೀಲನ್ನು ನೆಟ್ಟಗೆ ಕೂಡಿಸುವುದು ನುರಿತ ಕೈಯ ಕೆಲಸ. ಆದ್ದರಿಂದ "ಗಾಯ ಎಷ್ಟು ಚಿಕ್ಕದು?" ಎಂದು ಕೇಳುವುದಕ್ಕಿಂತ "ಡಾಕ್ಟರೇ, ಇಂಥವನ್ನು ನೀವು ಎಷ್ಟು ಮಾಡಿದ್ದೀರಿ? ಆಮೇಲೆ ವ್ಯಾಯಾಮ ಯಾರು ಕಲಿಸುತ್ತಾರೆ?" ಎಂದು ಕೇಳುವುದು ಲೇಸು.

ಪ್ರಧಾನಿ ವಾಜಪೇಯಿಯವರ ಎಡ ಮೊಣಕಾಲನ್ನು 2000ದ ಅಕ್ಟೋಬರಿನಲ್ಲಿ, ಬಲ ಮೊಣಕಾಲನ್ನು 2001ರ ಜೂನಿನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಬದಲಾಯಿಸಿದ್ದು ಹಲವರಿಗೆ ನೆನಪಿರಬಹುದು. ಮಾಡಿದವರು ಅಮೆರಿಕದಿಂದ ಬಂದಿದ್ದ ಡಾ. ಚಿತ್ತರಂಜನ್ ರಾಣಾವತ್, 1970ರ ದಶಕದಲ್ಲಿ ಈ ಕೃತಕ ಕೀಲನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಅಂಥ ವೈದ್ಯರ ಕೈ ಸಿಕ್ಕಿದ ಮೇಲೂ ಕಾಲು ಮಡಿಸಿ ಚಾಚುವ ಕೆಲಸ ರೋಗಿಯದೇ. ಅದನ್ನು ಪ್ರಧಾನಿಯ ಪರವಾಗಿಯೂ ಬೇರೊಬ್ಬರು ಮಾಡಲಾರರು.

ನಮ್ಮ ಮನೆಗಳಲ್ಲಿ ಬಾಣಂತಿಯ ಆರೈಕೆ ಹೇಗೆಂದು ಎಲ್ಲರಿಗೂ ಗೊತ್ತು. ಕೀಲು ಬದಲಾದ ತಾಯಿಗೂ ಅಷ್ಟೇ ಕಾಳಜಿ ಬೇಕು. ಆದರೆ ಒಂದು ಭೇದವಿದೆ: ಇಲ್ಲಿ ಮಲಗಿಸುವುದೇ ಆರೈಕೆಯಲ್ಲ, ನಡೆಸುವುದು ಆರೈಕೆ. ಆಪರೇಷನ್ ಆದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿಹಿಡಿದು ಬಿಡುವುದು, ಕಾಲನ್ನು ನೆಟ್ಟಗೆ ಎತ್ತುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಸರಿಸುತ್ತ ಮೊಣಕಾಲು ಮಡಿಸುವುದು ತಪ್ಪಬಾರದು. ನೋವೆಂದು ಬಿಟ್ಟರೆ ಕೀಲು ಬಿಗಿದುಕೊಳ್ಳುತ್ತದೆ. ಆಮೇಲೆ ಸಡಿಲಿಸುವುದು ಬಹಳ ಕಷ್ಟ. ವಾಕರಿನಿಂದ ಕೋಲಿಗೆ ಬರಲು ಕೆಲವು ವಾರ ಬೇಕು, ಬಾವು ಪೂರ್ತಿ ಇಳಿಯಲು ಹಲವು ತಿಂಗಳು.

ನಮ್ಮಲ್ಲಿ ಪ್ರೀತಿಯಿಂದಲೇ ಆಗುವ ತಪ್ಪುಗಳಿವೆ. ಹಿತವಾಗಲೆಂದು ಮೊಣಕಾಲಿನ ಕೆಳಗೆ ದಿಂಬು ಇಡುತ್ತಾರೆ. ಅದರಿಂದ ಕಾಲು ಮಡಿಚಿದಂತೆಯೇ ಉಳಿದು ನೆಟ್ಟಗಾಗುವುದಿಲ್ಲ. ಬಿಸಿ ಎಣ್ಣೆ ಹಚ್ಚಿ ಮೀನಖಂಡ ತಿಕ್ಕುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕುವುದು ಅಪಾಯ. ಬಾವಿಗೆ ಬಿಸಿ ಶಾಖವಲ್ಲ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನು ಹೇಳಿದಷ್ಟು ದಿನ ನುಂಗಬೇಕು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಡದಿದ್ದರೆ ಗಾಯ ಕೆಡುತ್ತದೆ. ಜ್ವರ, ಗಾಯದಿಂದ ಕೀವು ಅಥವಾ ನೀರು, ಮೀನಖಂಡದಲ್ಲಿ ನೋವು ಬಾವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಒಮ್ಮೆಲೆ ಎದೆನೋವು, ಉಸಿರುಕಟ್ಟುವಿಕೆ ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಗಡಿಯವರಾದ ನಮಗೆ ಇನ್ನೊಂದು ತೊಡಕುಂಟು. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ವ್ಯಾಯಾಮ ಹೇಳಿಕೊಡುವವರ ಮಾತು ಮರಾಠಿಯಲ್ಲಿ. ಮನೆಯ ಹಿರಿಯಳಿಗೆ ನೋವನ್ನು ಬಿಡಿಸಿ ಹೇಳಲು ಬರುವುದು ಕನ್ನಡದಲ್ಲಿ. ಅರ್ಥವಾಗದಿದ್ದರೂ ಸಂಕೋಚದಿಂದ ತಲೆಯಾಡಿಸಿ ಬರುತ್ತಾಳೆ. ಆದುದರಿಂದ ಆಸ್ಪತ್ರೆ ಬಿಡುವ ಮುಂಚೆ ವ್ಯಾಯಾಮವನ್ನು ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಅವರೆದುರಿಗೇ ಅವಳ ಕಾಲಿನಿಂದ ಮಾಡಿಸಿ ನೋಡಬೇಕು. ಮರಾಠಿ ಶಾಲೆಗೆ ಹೋಗುವ ಮೊಮ್ಮಗ ಮೊಮ್ಮಗಳು ಅದನ್ನು ಕಲಿತುಕೊಂಡು ಮನೆಯಲ್ಲಿ ದಿನಾ ಅಜ್ಜಿಗೆ ಕನ್ನಡದಲ್ಲಿ ಹೇಳಿ ಮಾಡಿಸಲಿ. ಇದಕ್ಕಿಂತ ದೊಡ್ಡ ಸೇವೆ ಬೇಕೆ?

ಹಣದ ವಿಷಯ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿಯಾಯಿತು. ಆಯುಷ್ಮಾನ್ ಭಾರತದಲ್ಲಿ 2024ರ ಅಕ್ಟೋಬರಿನಿಂದ 70 ವರ್ಷ ದಾಟಿದ ಎಲ್ಲರಿಗೂ ಆದಾಯ ನೋಡದೆ ಕಾರ್ಡು ಕೊಡಲಾಗುತ್ತಿದೆ. ಹೊಲ ಒತ್ತೆಯಿಡುವ ಮುಂಚೆ ಈ ಕಾರ್ಡು, ಮಹಾತ್ಮಾ ಫುಲೆ ಯೋಜನೆ ಯಾವ ಆಸ್ಪತ್ರೆಯಲ್ಲಿ ನಡೆಯುತ್ತವೆ ಎಂದು ವಿಚಾರಿಸಿರಿ. ಚಿಕ್ಕ ಗಾಯಕ್ಕೆಂದು ಹೆಚ್ಚು ಹಣ ಕೇಳಿದರೆ, ಆ ಹಣವನ್ನು ವ್ಯಾಯಾಮ ಕಲಿಸುವವರಿಗೆ, ಒಂದು ಕಮೋಡ್ ಕುರ್ಚಿಗೆ, ಗಟ್ಟಿ ವಾಕರಿಗೆ ಕೊಡುವುದೇ ಮೇಲೆಂದು ನನ್ನ ಅಭಿಪ್ರಾಯ.

ಕಾಲವನ್ನೂ ನೋಡಬೇಕು. ಬಿಳಿಜೋಳ, ಕಡಲೆ ಒಕ್ಕಣೆ ಮುಗಿದ ಮೇಲೆ ಮಾಡಿಸಿಕೊಂಡರೆ ಮನೆಯವರ ಕೈ ಖಾಲಿ ಇರುತ್ತದೆ; ಮಿರಗಕ್ಕೆ ಮುಂಚೆ ಮೂರು ತಿಂಗಳು ಸಿಗುತ್ತವೆ. ಮಳೆಗಾಲದ ಎರೆಮಣ್ಣಿನ ಕೆಸರಿನಲ್ಲಿ ಕೋಲು ಹಿಡಿದು ನಡೆಯುವ ಗಂಡಾಂತರವೂ ತಪ್ಪುತ್ತದೆ. ಮತ್ತೆ ಕುಕ್ಕರಗಾಲಿನಲ್ಲಿ ಕಳೆಗೆ ಕೂರಿಸುವುದಂತೂ ಬೇಡ. ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಿರಿ. ದೇವಾಲಯದಲ್ಲಿಯೂ ಅಂಥವರು ಮೊಣಕಾಲೂರಲೇಬೇಕೆಂದಿಲ್ಲ; ಆರೋಗ್ಯ ಸರಿಯಿಲ್ಲದವರಿಗೆ ಪೂಜಾ ವಿಧಿಯೇ ಆ ಬಿಡುವು ಕೊಟ್ಟಿದೆ. ಕುಳಿತು ಪ್ರಾರ್ಥಿಸುವವರನ್ನು ಯಾರೂ ತಿರುಗಿ ನೋಡದಿರಲಿ.

ಡಾಕ್ಟರರ ಕೆಲಸ ಎರಡು ಗಂಟೆಯದು, ಮನೆಯವರ ಕೆಲಸ ಮೂರು ತಿಂಗಳದು. ನಮ್ಮನ್ನು ಸಾಕಲು ಸವೆದ ಮೊಣಕಾಲುಗಳಿಗೆ ಅಷ್ಟು ದಿನ ಕೊಡುವುದು ಉಪಕಾರವಲ್ಲ, ಸಾಲ ತೀರಿಸುವುದು.