ಅವ್ವನ ಸೀರೆ ಟ್ರಂಕಿನಲ್ಲಿ, ನಮ್ಮ ಅಭಿಮಾನ ಶಾಲಿನಲ್ಲಿ!



ನವೆಂಬರ್ 1 ಬಂತೆಂದರೆ ಕೊರಳಿಗೆ ಹಳದಿ-ಕೆಂಪು ಶಾಲು ಹಾಕಿಕೊಂಡು ನೀವು ಬೀದಿಗಿಳಿಯುತ್ತೀರಿ. ಸಂತೋಷ. ಆದರೆ ಆ ಶಾಲಿನ ಅಂಚನ್ನು ಎಂದಾದರೂ ಬೆರಳಲ್ಲಿ ತಿಕ್ಕಿ ನೋಡಿದ್ದೀರಾ? ಹೆಚ್ಚಿನವು ಪಾಲಿಯೆಸ್ಟರ್. ಯಾವ ಊರಲ್ಲಿ ತಯಾರಾಯಿತು, ಯಾರು ನೇಯ್ದರು ಎಂದು ಕೇಳಿದರೆ ಮಾರುವವನೂ ಹೇಳಲಾರ. ಅದೇ ಹೊತ್ತಿಗೆ ಊರಿನ ಮನೆಯ ಅಟ್ಟದ ಮೇಲೆ, ಡಾಂಬರು ಗುಳಿಗೆಯ ವಾಸನೆಯ ನಡುವೆ, ನಿಮ್ಮ ಅಜ್ಜಿಯ ಇಳಕಲ್ ಸೀರೆ ಮಡಿಕೆ ಮಡಿಕೆಯಲ್ಲೇ ಹರಿಯುತ್ತಿರುತ್ತದೆ. ಇದು ಯಾವ ಸೀಮೆಯ ಅಭಿಮಾನ?

ಸಿಟ್ಟಾಗಬೇಡಿ. ಈ ಕಟಕಟೆಯಲ್ಲಿ ಮೊದಲು ನಿಲ್ಲುವವನು ನಾನೇ.

ನನ್ನದು ಇಟಗಿ. ಮೊದಲು ಯಲಬುರ್ಗಾ ತಾಲ್ಲೂಕು, ಈಗ ಕುಕನೂರು ತಾಲ್ಲೂಕು, ಕೊಪ್ಪಳ ಜಿಲ್ಲೆ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು, ಈಗ ಸ್ವಂತ ಪ್ರೆಸ್ಸು ನಡೆಸುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ, ರಾಜ್ಯೋತ್ಸವದ ಪೋಸ್ಟರು ಎಲ್ಲವೂ ನನ್ನ ಮಷಿನ್ನಿನಲ್ಲೇ ಆಗುತ್ತವೆ. ಮಷಿನ್ನಿನ ರೋಲರು, ಬ್ಲ್ಯಾಂಕೆಟ್ಟು ಒರೆಸಲು ಹಳೆ ಅರಿವೆ ಬೇಕು. ಅದು ಗಂಟುಗಟ್ಟಲೆ, ಕಿಲೋ ಲೆಕ್ಕದಲ್ಲಿ ಬರುತ್ತದೆ. ಯಾರ ಮನೆಯ ಅರಿವೆಯೋ, ಯಾರ ಮೈಮೇಲಿನದೋ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಒಂದು ಸಂಜೆ ಕರಿ ಮಸಿ ಒರೆಸುತ್ತಿದ್ದೆ. ಕೈಯಲ್ಲಿದ್ದ ತುಂಡು ಮಸಿಯನ್ನು ಬಲು ಚೆನ್ನಾಗಿ ಹೀರುತ್ತಿತ್ತು. ಪಾಲಿಯೆಸ್ಟರ್ ಹೀಗೆ ಹೀರುವುದಿಲ್ಲ, ಮಸಿಯನ್ನು ಇನ್ನಷ್ಟು ಹರಡುತ್ತದೆ. ಒಳ್ಳೆ ಹತ್ತಿ ಎಂದುಕೊಂಡು ತಿರುಗಿಸಿ ನೋಡಿದರೆ ಅದರ ತುದಿಗೆ ರೇಷ್ಮೆ ಸೆರಗು! ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು ಪಟ್ಟೆ. ನಡುವೆ ತೆನೆ ತೆನೆಯಾದ ನೇಯ್ಗೆ. ಇಳಕಲ್ಲಿನ ತೋಪು ತೆನೆ ಸೆರಗು. ಯಾವುದೋ ತಾಯಿ ಮದುವೆಗೆ ಉಟ್ಟ ಸೀರೆಯಲ್ಲಿ ನಾನು ಮಸಿ ಒರೆಸಿದ್ದೆ.

ಮನೆಗೆ ಬಂದವನೇ ಕೇಳಿದೆ: 'ಅವ್ವನ ಸೀರೆ ಎಲ್ಲಿ ಅದಾವು?'

ಮನೆಯವಳು ಸುಮ್ಮನೆ ನನ್ನ ಮುಖ ನೋಡಿದಳು. 'ಮೂರರಾಗ ಎರಡು ಪಾತ್ರಿ ಮಾರಾಕ ಬಂದಾಕಿಗೆ ಕೊಟ್ಟೇನ್ರಿ, ಸ್ಟೀಲ್ ಡಬರಿಗೆ. ನಿಮ್ಮನ್ನ ಕೇಳೇ ಕೊಟ್ಟೇನಿ. ಹಳೇ ಅರಿವಿ ಇಟ್ಕೊಂಡು ಏನು ಮಾಡೋದೈತಿ, ಒಯ್ಯಲಿ ಬಿಡು ಅಂದವರು ನೀವೇ ಅಲ್ಲೇನ್ರಿ?'

ಹೌದು, ನಾನೇ ಅಂದಿದ್ದೆ. ಮೊಬೈಲ್ ನೋಡುತ್ತಾ ಅಂದಿದ್ದೆ.

ಇಂಥದೇ ತಪ್ಪು ಮೊದಲೂ ಒಮ್ಮೆ ಮಾಡಿದ್ದೇನೆ. ನಾನು ಕೆಲಸ ಕಲಿತದ್ದು ಸೀಸದ ಅಚ್ಚುಮೊಳೆಯಲ್ಲಿ, ಒಂದೊಂದೇ ಅಕ್ಷರ ಜೋಡಿಸಿ. ಕಂಪ್ಯೂಟರ್ ಬಂದ ಮೇಲೆ ಮೊಳೆಗಳನ್ನು ಗುಜರಿಗೆ ತೂಗಿ ಹಾಕಿದೆ. ಅಕಾರದಿಂದ ಳಕಾರದ ತನಕ ಎಲ್ಲಕ್ಕೂ ಒಂದೇ ರೇಟು! ಈಗ ನನ್ನ ಮಗಳಿಗೆ ತೋರಿಸೋಣವೆಂದರೆ ಒಂದು ಮೊಳೆಯೂ ಇಲ್ಲ.

ಸೀರೆಯಲ್ಲಿ ಏನಿದೆ?

'ಒಂದು ಹಳೆ ಸೀರೆಗೆ ಇಷ್ಟು ಗೋಳೇ?' ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ.

ಇಳಕಲ್ ಇರುವುದು ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ. ಆದರೆ ಆ ನೇಯ್ಗೆ ಜಿಲ್ಲೆಯ ಗಡಿ ನೋಡಿ ನಿಂತದ್ದಲ್ಲ. ನಮ್ಮ ಕುಷ್ಟಗಿ ತಾಲ್ಲೂಕಿನ ದೋಟಿಹಾಳದಲ್ಲೂ ಮಗ್ಗಗಳು ನಡೆದಿವೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರವೂ ನೇಕಾರರ ಊರೇ.

ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ. ಎರಡು ಬೇರೆ ಬೇರೆ ನೂಲು. ಒಡಲಿನ ಹಾಸಿನ ಎಳೆಗಳ ಕುಣಿಕೆಗೆ ಸೆರಗಿನ ಹಾಸಿನ ಕುಣಿಕೆಗಳನ್ನು ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಈ ಕೊಂಡಿಯ ಕಾರಣಕ್ಕೇ ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು. ಹತ್ತಾರು ಸೀರೆಗೆ ಒಂದೇ ಉದ್ದನೆ ಹಾಸು ಹಾಕಿ ನೇಯ್ದು ಕತ್ತರಿಸುತ್ತ ಹೋಗಲು ಬರುವುದಿಲ್ಲ. ಅಂದರೆ ನಿಮ್ಮ ಅಜ್ಜಿಯ ಸೀರೆಗೆಂದು ಹೂಡಿದ ಹಾಸಿನಲ್ಲಿ ಇನ್ನೊಂದು ಸೀರೆ ಹುಟ್ಟಿಲ್ಲ. ದಡಿಗೆ ಚಿಕ್ಕಿ, ಗೋಮಿ, ಗಾಡಿ ಎಂದು ಹೆಸರುಗಳು. ಸೆರಗಿನ ವಿನ್ಯಾಸದಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ನಮ್ಮ ಹೊಲ, ನಮ್ಮ ಕೋಟೆ, ನಮ್ಮ ಮನೆಯ ಹಣಿಗೆ, ಎಲ್ಲ ಸೆರಗಿನಲ್ಲೇ ಇದೆ.

ಈಗ ಭಾಷೆಯ ಮಾತಿಗೆ ಬನ್ನಿ. ವೇದಿಕೆ ಹತ್ತಿದರೆ ನಾವು 'ಕನ್ನಡ ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ' ಎನ್ನುತ್ತೇವೆ. ಹಾಸು ಎಂದರೆ ಮಗ್ಗದ ಉದ್ದದ ಎಳೆ, ಹೊಕ್ಕು ಎಂದರೆ ಲಾಳಿ ಒಯ್ಯುವ ಅಡ್ಡ ಎಳೆ. ಎಷ್ಟು ಜನ ಭಾಷಣಕಾರರಿಗೆ ಇದು ಗೊತ್ತು? ಸೆರಗೊಡ್ಡಿ ಬೇಡುವುದು, ಉಡಿ ತುಂಬುವುದು, ಕಚ್ಚೆ ಕಟ್ಟಿ ನಿಲ್ಲುವುದು ಎಲ್ಲ ಅರಿವೆಯಿಂದ ಬಂದ ಮಾತು. ವಚನಕಾರರಲ್ಲಿ ಬಹಳ ಮೊದಲಿನವನೆಂದು ಎಣಿಸುವ ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ಮಗ್ಗದ ಮುಂದೆ ಕೂತವನ ಬಾಯಲ್ಲಿ ನಮ್ಮ ಭಾಷೆ ವಚನವಾಯಿತು. ಸೀರೆ ಗಂಟಿಗೆ ಹೋದರೆ ಅದರ ಹಿಂದೆಯೇ ಮಾತೂ ಗಂಟು ಕಟ್ಟಿಕೊಂಡು ಹೋಗುತ್ತದೆ. ಫಲಕಕ್ಕೆ ಮಸಿ ಬಳಿದು ಅದನ್ನು ವಾಪಸು ತರಲಾಗುವುದಿಲ್ಲ.

ಹಳೆ ಅರಿವೆ ಎಂದರೆ ಬಡತನವೇ?

ಇಲ್ಲೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಳೆ ಅರಿವೆ ಎಂದರೆ ನಮ್ಮ ತಲೆಮಾರಿನ ಅನೇಕರಿಗೆ ಅವಮಾನದ ನೆನಪು. ನಾನು ಹತ್ತನೆಯ ಇಯತ್ತೆಯ ತನಕ ಹಾಕಿದ್ದು ಅಣ್ಣನ ಅಂಗಿ. ಕಾಲರು ಹರಿದರೆ ಅವ್ವ ಅದನ್ನು ಬಿಚ್ಚಿ, ತಿರುವಿ ಹಾಕಿ ಹೊಲಿಯುತ್ತಿದ್ದಳು. ಸಾಲಿಯಲ್ಲಿ ಹುಡುಗರು ನಗುತ್ತಿದ್ದರು. ಇರುವ ಒಂದೇ ಸೀರೆಯನ್ನು ಒಗೆದು, ಅದು ಆರುವ ತನಕ ಮನೆಯಿಂದ ಹೊರಗೆ ಬರಲಾಗದ ಹೆಣ್ಣುಮಕ್ಕಳನ್ನು ಈ ನಾಡು ಕಂಡಿದೆ. ಅವರ ಮೊಮ್ಮಕ್ಕಳು ಹೊಸ ಅರಿವೆ ಆಸೆಪಟ್ಟರೆ ಅದು ತಪ್ಪಲ್ಲ. ಪೆಟ್ಟಿಗೆ ತುಂಬ ಸೀರೆ ಬಿಟ್ಟುಹೋಗುವ ಭಾಗ್ಯ ಎಲ್ಲ ಅಜ್ಜಿಯರಿಗೂ ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಆದರೆ ಗತಿಯಿಲ್ಲದೆ ಉಡುವುದು ಬೇರೆ, ಗೊತ್ತಿದ್ದು ಉಡುವುದು ಬೇರೆ. ಅವತ್ತು ಅಣ್ಣನ ಅಂಗಿ ನನ್ನ ಮೇಲೆ ಬಿದ್ದದ್ದು. ಇವತ್ತು ಅವ್ವನ ಸೀರೆಯನ್ನು ನನ್ನ ಮಗಳು ಕೇಳಿ ಪಡೆದದ್ದು. ಉಳಿದಿದ್ದ ಒಂದೇ ಒಂದು ಸೀರೆಯನ್ನು ಆಕೆ ಬೆಂಗಳೂರಿಗೆ ಒಯ್ದಳು. ಕೆಲಸದ ಜಾಗಕ್ಕೆ ಉಟ್ಟುಕೊಂಡು ಹೋದ ದಿನ ಜೊತೆಯವರು ಕೇಳಿದರಂತೆ, 'ಯಾವ ಅಂಗಡಿಯದು?' ಈಕೆ 'ನಮ್ಮಜ್ಜಿಯದು' ಎಂದಳಂತೆ. ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಹೆಮ್ಮೆ ಕೇಳಿ, ಡಬರಿಗೆ ಹೋದ ಇನ್ನೆರಡು ಸೀರೆ ನೆನಪಾಗಿ ನನಗೆ ಅನ್ನ ಇಳಿಯಲಿಲ್ಲ.

ವಿಚಿತ್ರ ನೋಡಿ. ನಾವು ಡಬರಿಗೆ ಕೊಟ್ಟದ್ದನ್ನೇ ದೊಡ್ಡ ಊರಿನ ಅಂಗಡಿಗಳು 'ವಿಂಟೇಜ್' ಎಂದು ಗಾಜಿನ ಹಿಂದೆ ತೂಗುಹಾಕುತ್ತವೆ. ನಮ್ಮದನ್ನು ನಾವೇ ಬಿಸಾಕಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಹೆಸರಿಟ್ಟ ಮೇಲೆ ದುಡ್ಡು ಕೊಟ್ಟು ಕೊಳ್ಳುತ್ತೇವೆ!

ನಮ್ಮ ಕಡೆ ಅರಿವೆಗೆ ಒಂದೇ ಜನ್ಮ ಇರಲಿಲ್ಲ. ಸೀರೆ ಮೊದಲು ಹಬ್ಬಕ್ಕೆ, ಆಮೇಲೆ ದಿನನಿತ್ಯಕ್ಕೆ. ಸವೆದ ಮೇಲೆ ತೊಟ್ಟಿಲಿಗೆ, ಕೂಸು ಸುತ್ತಲು. ಹುಟ್ಟಿದ ಕೂಸಿಗೆ ಮೊದಲು ಸುತ್ತುವುದು ಅಂಗಡಿಯ ಹೊಸ ಅರಿವೆಯಲ್ಲ, ಅಜ್ಜಿಯ ಮೆತ್ತನೆ ಸೀರೆಯ ತುಂಡು. ಕೊನೆಗೆ ಆ ತುಂಡುಗಳೆಲ್ಲ ಪದರ ಪದರವಾಗಿ ಸೇರಿ ಕೌದಿ. ಕೌದಿ ಹೊದ್ದು ಮಲಗಿದವನು ಮನೆಯ ಹೆಣ್ಣುಮಕ್ಕಳೆಲ್ಲರ ಸೀರೆ ಹೊದ್ದು ಮಲಗಿದಂತೆ. ಇದು ಕಂಜೂಸುತನವಲ್ಲ. ನೇಯ್ದವನ ಬೆವರಿಗೆ ಕೊಟ್ಟ ಮರ್ಯಾದೆ.

ಇದು ಹೆಣ್ಣುಮಕ್ಕಳಿಗೆ ಮಾತ್ರ ಹೇಳಿದ ಮಾತಲ್ಲ

ಸಂಸ್ಕೃತಿಯ ಹೆಸರಿನಲ್ಲಿ ಹುಡುಗಿಯರ ಮೇಲೆ ಸೀರೆ ಹೇರುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಪ್ಯಾಂಟು ಹಾಕುವುದು ಬಿಡುವುದು ಅವರಿಷ್ಟ. ಹುಡುಗರೇ, ನೀವು ಹೇಳಿ: ನಿಮ್ಮ ಅಜ್ಜನ ಧೋತರ ಎಲ್ಲಿ? ರುಮಾಲು ಎಲ್ಲಿ? ಕರಿ ಕಂಬಳಿ ಎಲ್ಲಿ? ಕಾಲೇಜಿನ 'ಎಥ್ನಿಕ್ ಡೇ'ಗೆ ಬಾಡಿಗೆ ಪಂಚೆ ತಂದು, ಬೆಲ್ಟು ಬಿಗಿದು, ಸಂಜೆ ವಾಪಸು ಕೊಡುವವರು ಅಜ್ಜಿಯ ಸೀರೆಯ ಬಗ್ಗೆ ಉಪದೇಶ ಮಾಡಬಾರದು. ಅಜ್ಜ ಇದ್ದರೆ ರುಮಾಲು ಸುತ್ತುವುದನ್ನು ಇವತ್ತೇ ಕಲಿಯಿರಿ. ಅದಕ್ಕೆ ಪುಸ್ತಕ ಬೇಕಿಲ್ಲ, ಅಜ್ಜ ಬೇಕು.

ಉಟ್ಟರೆ ಹರಿಯುವುದಿಲ್ಲವೇ?

ಹರಿಯುತ್ತದೆ. ಆದರೆ ಇಟ್ಟರೂ ಹರಿಯುತ್ತದೆ! ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ನಮ್ಮೂರ ಮಹಾದೇವ ದೇವಾಲಯ 1112ರದು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಹೊಗಳಿದೆ. ಅದು ಕಲ್ಲು. ಸರ್ಕಾರ ಬೇಲಿ ಹಾಕಿ ಕಾಯುತ್ತದೆ, ಒಂಬೈನೂರು ವರ್ಷ ದಾಟಿ ನಿಂತಿದೆ. ಅರಿವೆಗೆ ಆ ಆಯುಸ್ಸಿಲ್ಲ, ನಿಮ್ಮ ಟ್ರಂಕಿಗೆ ಸರ್ಕಾರದ ಕಾವಲೂ ಇಲ್ಲ. ಹೇಗೂ ಒಂದು ದಿನ ಹರಿಯುವುದಾದರೆ ಉಟ್ಟೇ ಹರಿಯಲಿ.

ಅದಕ್ಕೆ ನಾಲ್ಕು ಮಾತು ನೆನಪಿಡಿ. ಸೀರೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಒಗೆದ ಬಿಳಿ ಹತ್ತಿ ಅರಿವೆಯಲ್ಲಿ ಸುತ್ತಿ. ಡಾಂಬರು ಗುಳಿಗೆ ಜರಿಗೆ ತಾಗದಿರಲಿ, ಜರಿ ಕಪ್ಪಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಗೆರೆಗೆ ಮಡಿಸಿ. ಸಣ್ಣ ತೂತು ಬಿದ್ದರೆ ರಫು ಮಾಡುವವರನ್ನು ಹುಡುಕಿ. ಒಡಲು ಗಟ್ಟಿ ಇರುವ ತನಕ ಕುರ್ತಾ, ದಿಂಬಿನ ಚೀಲ ಎಂದು ಕತ್ತರಿ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯ, ಸೀರೆ ಯಾರದು, ಯಾವ ಊರಲ್ಲಿ ಕೊಂಡದ್ದು, ಯಾವ ಸಮಾರಂಭಕ್ಕೆ ಉಟ್ಟದ್ದು ಎಂದು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಕನ್ನಡದಲ್ಲೇ ಬರೆಯಿರಿ. ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವ್ವ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ

ಹಳೆಯದನ್ನು ಉಟ್ಟು ಮೆರೆದರೆ ಅಭಿಮಾನ ಅರ್ಧ ಮಾತ್ರ. ನಿಮ್ಮ ಮೊಮ್ಮಕ್ಕಳು ಏನು ಉಡಬೇಕು? ಇವತ್ತು ಯಾರಾದರೂ ನೇಯ್ದರೆ ತಾನೇ ನಾಳೆ ಅದು ಹಳೆಯದಾಗುವುದು?

ಲೆಕ್ಕ ನೋಡಿ. ದೇಶದ ಕೈಮಗ್ಗ ಗಣತಿಯಲ್ಲಿ 1995-96ರಲ್ಲಿ ಸುಮಾರು 65 ಲಕ್ಷ ಇದ್ದ ಕೈಮಗ್ಗದ ಕೆಲಸಗಾರರು 2019-20ರಲ್ಲಿ 35 ಲಕ್ಷಕ್ಕೆ ಇಳಿದಿದ್ದಾರೆ. ಕೆಲವು ಬಗೆಯ ಅರಿವೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲೇ ಬಂದಿದೆ. ಇಳಕಲ್ ಸೀರೆಗೆ ಜಿಐ ಎಂಬ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೂ ವಿದ್ಯುತ್ ಮಗ್ಗದ ನಕಲು 'ಇಳಕಲ್' ಎಂಬ ಹೆಸರಿನಲ್ಲೇ ರಾಜಾರೋಷವಾಗಿ ಮಾರಾಟವಾಗುತ್ತದೆ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆ ದಿನ ಭಾಷಣ ಆಗುತ್ತದೆ, ಮರುದಿನ ನೇಕಾರನ ಮಗ ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

ನಾಮಫಲಕದಲ್ಲಿ ಕನ್ನಡ ಎಲ್ಲಿ ಎಂದು ಅಂಗಡಿಯವನನ್ನು ಎದೆಯೆತ್ತಿ ಕೇಳುವ ನಾವು, 'ಇದು ಕೈಮಗ್ಗದ್ದೇ? ಸೆರಗಿನ ಕೊಂಡಿ ತೋರಿಸಿ' ಎಂದೂ ಕೇಳೋಣ. ಕೈಮಗ್ಗದ ಸೀರೆಗೆ ರೇಟು ಹೆಚ್ಚು, ಒಪ್ಪುತ್ತೇನೆ. ವರ್ಷಕ್ಕೆ ಐದು ಅಗ್ಗದ ಸೀರೆ ಕೊಳ್ಳುವ ಮನೆ ಎರಡು ವರ್ಷಕ್ಕೊಂದು ಒಳ್ಳೆಯದು ಕೊಳ್ಳಲಿ. ಅದೂ ಆಗದಿದ್ದರೆ ಕುಪ್ಪಸಕ್ಕೆ ಒಂದು ಗುಳೇದಗುಡ್ಡದ ಖಣ ತನ್ನಿ. ಸಂಘಟನೆಯವರಲ್ಲೂ ಒಂದು ವಿನಂತಿ: ಸನ್ಮಾನಕ್ಕೆ ಹೊದಿಸುವ ಆ ಮಿಣಮಿಣ ಶಾಲು ಸಾಕು, ನಮ್ಮ ನೇಕಾರ ನೇಯ್ದದ್ದನ್ನು ಹೊದಿಸಿ.

ನನ್ನ ಪ್ರೆಸ್ಸಿನಲ್ಲಿ ಈಗ ಒಂದು ನಿಯಮವಿದೆ. ಅರಿವೆ ಗಂಟು ಬಂದರೆ ಮೊದಲು ನಾನೇ ಬಿಚ್ಚಿ ನೋಡುತ್ತೇನೆ. ದಡಿ, ಸೆರಗು ಕಂಡರೆ ತೆಗೆದಿಡುತ್ತೇನೆ. ಆ ಮಸಿ ಹತ್ತಿದ ಸೆರಗನ್ನು ಎಷ್ಟು ಒಗೆದರೂ ಕಲೆ ಹೋಗಲಿಲ್ಲ. ಟೇಬಲ್ಲಿನ ಗಾಜಿನ ಕೆಳಗೆ ಹಾಗೇ ಇಟ್ಟಿದ್ದೇನೆ. ರಾಜ್ಯೋತ್ಸವದ ಪೋಸ್ಟರ್ ಹಾಕಿಸಲು ಬರುವ ಹುಡುಗರು 'ಏನ್ರಿ ಅಣ್ಣಾ ಇದು?' ಎಂದು ಕೇಳುತ್ತಾರೆ. ಹೇಳುತ್ತೇನೆ. ಹೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳುತ್ತೇನೆ. ಅದನ್ನೇ ನಿಮಗೂ ಕೇಳುತ್ತಿದ್ದೇನೆ:

ನಿಮ್ಮ ಮನೆಯ ಟ್ರಂಕಿನ ಕೀಲಿ ಯಾರ ಹತ್ತಿರ ಇದೆ? ಈ ಸಲ ಊರಿಗೆ ಹೋದಾಗ ಅದನ್ನು ಕೇಳಿ ಇಸಿದುಕೊಳ್ಳಿ. ಪಾತ್ರೆ ಮಾರುವಾಕೆ ಬಾಗಿಲಿಗೆ ಬರುವ ಮೊದಲು.

— ಇಟಗಿಯ ಒಬ್ಬ ಮುದ್ರಕ