ಸಿಡಿ ಮಾಡಿಸಿದ್ದೀವಿ ಅಂತ ಸುಮ್ಮನಿರಬೇಡಿ, ಹಾಡಿದವಳ ಹೆಸರೆಲ್ಲಿ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಟಿ.ವಿ. ಸ್ಟ್ಯಾಂಡಿನ ಕೆಳಗೋ ಬೀರುವಿನ ಮೇಲೋ ಧೂಳು ಹಿಡಿದ ಒಂದು ಸಿಡಿ ಇರುತ್ತದೆ. ಅದರ ಮೇಲೆ ಬಾಲ್ ಪೆನ್ನಿನಲ್ಲಿ ‘ಸೋಬಾನೆ ಪದ’ ಎಂದೋ ‘ಅಜ್ಜಿ ಹಾಡು’ ಎಂದೋ ಗೀಚಿರುತ್ತಾರೆ. ಯಾವ ಅಜ್ಜಿ? ಯಾವ ಊರು? ಯಾವ ವರ್ಷ? ಅದೊಂದೂ ಇರುವುದಿಲ್ಲ. ಕೇಳಿದರೆ ‘ಸಿಡಿ ಮಾಡ್ಸಿ ಇಟ್ಟಿದ್ದೀವಲ್ಲ, ಇನ್ನೇನು?’ ಅನ್ನುತ್ತಾರೆ.

ನಮ್ಮ ತಕರಾರು ಇರುವುದು ಈ ಮಾತಿನ ಮೇಲೆಯೇ. ಆ ಸಿಡಿ ಶಾಶ್ವತವಲ್ಲ. ಅದು ಓಡಿದರೂ, ಹಾಡಿದವಳ ಹೆಸರಿಲ್ಲದಿದ್ದರೆ ನೀವು ಅರ್ಧ ಮಾತ್ರ ಉಳಿಸಿದ್ದೀರಿ.

ಮೊದಲು ಡಿಸ್ಕಿನ ವಿಷಯ. ಟೇಪ್ ರೆಕಾರ್ಡರ್ ಕಾಲದಲ್ಲಿ ಮದುವೆ ಮನೆಯ ಹಾಡು, ಊರ ನಾಟಕ ಎಲ್ಲವೂ ಕ್ಯಾಸೆಟ್ಟಿಗೆ ಸೇರಿದವು. ಆಮೇಲೆ ಸಿಡಿ ಬಂತು. ಟೇಪ್ ರೆಕಾರ್ಡರಿನಿಂದ ವೈರು ಎಳೆದು ಸಿಡಿ ರೆಕಾರ್ಡರಿಗೋ ಕಂಪ್ಯೂಟರಿಗೋ ಸೇರಿಸಿ ತುಂಬಿಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ಟು ತುಂಬಲು 60 ನಿಮಿಷವೇ ಬೇಕು. ಒಂದು ಡಿಸ್ಕಿಗೆ ಹೆಚ್ಚೆಂದರೆ 80 ನಿಮಿಷದ ಹಾಡು ಹಿಡಿಯುತ್ತದೆ. ‘ಲೈಫ್ ಲಾಂಗ್ ಇರುತ್ತೆ’ ಎಂಬ ಮಾತು ನಂಬಿ ಎಷ್ಟೋ ಜನ ಮೂಲ ಕ್ಯಾಸೆಟ್ಟನ್ನೇ ತಿಪ್ಪೆಗೆ ಎಸೆದರು.

ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನ ಸಿಡಿಯೇ ಬೇರೆ, ಮನೆಯಲ್ಲಿ ತುಂಬಿದ ಸಿಡಿಯೇ ಬೇರೆ. ಸಿನಿಮಾ ಸಿಡಿಯನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡುತ್ತಾರೆ, ಹಾಡು ಸಣ್ಣ ಗುಳಿಗಳಾಗಿ ಪ್ಲಾಸ್ಟಿಕ್ಕಿನಲ್ಲೇ ಕೂತಿರುತ್ತದೆ. ಮನೆಯಲ್ಲಿ ತುಂಬಿದ ಡಿಸ್ಕಿನಲ್ಲಿ ಬಣ್ಣದ ಒಂದು ತೆಳು ಪದರ ಇರುತ್ತದೆ, ಲೇಸರ್ ಬೆಳಕು ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಟ್ಟೆಯ ಬಣ್ಣ ಬಿಸಿಲಿಗೆ ಹೋಗುವ ಹಾಗೆ ಆ ಬಣ್ಣವೂ ಬಿಸಿಲಿಗೆ, ಕಾವಿಗೆ ಹೋಗುತ್ತದೆ. ಶೀಟಿನ ಮನೆಯ ಬೇಸಿಗೆ ಕಾವು, ಮಳೆಗಾಲದ ತೇವ ಎರಡೂ ಅದಕ್ಕೆ ಶತ್ರು. ಹೆಸರು ಬರೆಯುವ ಮೇಲ್ಭಾಗವೇ ಬಲು ನಾಜೂಕು, ಬಾಲ್ ಪೆನ್ನು ಒತ್ತಿ ಬರೆದರೂ, ಅಂಟಿಸಿದ ಸ್ಟಿಕ್ಕರ್ ಕಿತ್ತರೂ ಅಲ್ಲಿನ ಹಾಡು ಹೋದ ಹಾಗೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸ್ಕೃತ ಸಂಶೋಧನಾ ಸಂಸತ್ತು ತಾಳೆಗರಿಗಳನ್ನು ಜೋಪಾನ ಮಾಡಿದೆ. ತಾಳೆಗರಿ ಓದಲು ಲಿಪಿ ಗೊತ್ತಿದ್ದು ಕಣ್ಣಿದ್ದರೆ ಸಾಕು. ಸಿಡಿಗೆ ಯಂತ್ರ ಬೇಕು, ಈಗಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಡಿಸ್ಕು ಚೆನ್ನಾಗಿದ್ದರೂ ಓಡಿಸುವ ಯಂತ್ರ ಸಿಗದ ದಿನ ಹತ್ತಿರವಾಗಿದೆ.

ಸಿನಿಮಾ ಹಾಡಿನ ಸಿಡಿ ಕೆಟ್ಟರೆ ಇನ್ನೊಂದು ಸಿಗುತ್ತದೆ. ನಿಮ್ಮ ಮನೆಯ ಸೋಬಾನೆ ಕೆಟ್ಟರೆ ಎಲ್ಲಿಂದ ತರುತ್ತೀರಿ? ನಾಲೆ ಬಯಲಿನ ನಾಟಿ ಪದ, ನಾಗಮಂಗಲದ ಬೆದ್ದಲು ಸೀಮೆಯ ರಾಗಿ ಬೀಸೋ ಪದ, ಹಸೆಗೆ ಕರೆಯುವ ಪದ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ರಾಗಿ ಈಗ ಮಿಲ್ಲಿಗೆ ಹೋಗುತ್ತದೆ. ಗದ್ದೆ ಬದುವಿನ ಮೇಲೆ ಮೊಬೈಲ್ ಹಾಡುತ್ತದೆ. ಛತ್ರದ ಮದುವೆಯಲ್ಲಿ ಆರ್ಕೆಸ್ಟ್ರಾ ಶುರುವಾದರೆ ಅಜ್ಜಿಯರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಹಾಡುವ ಸಂದರ್ಭವೇ ಹೋದ ಮೇಲೆ ಉಳಿದದ್ದು ಆ ಡಿಸ್ಕು ಒಂದೇ.

‘ಇದೆಲ್ಲ ಅಕಾಡೆಮಿಯವರ ಕೆಲಸ, ಯೂನಿವರ್ಸಿಟಿಯವರ ಕೆಲಸ’ ಎಂದು ಕೆಲವರು ಹೇಳುತ್ತಾರೆ. ಅವರು ಕೆಲಸ ಮಾಡಲಿಲ್ಲವೇ? 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್.ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಬಳಿ ಜಾನಪದ ಲೋಕ ಮಾಡಿದರು. ಅದೇ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ.ಪರಮಶಿವಯ್ಯನವರು ಜನಪದ ಕಾವ್ಯಗಳನ್ನು ಹುಡುಕಿಕೊಂಡು ಊರೂರು ಸುತ್ತಿದರು. ಇಬ್ಬರೂ ಈಗಿಲ್ಲ. ಯಾವ ಸಂಸ್ಥೆ ಬಂದರೂ ನಿಮ್ಮ ಬೀರು ತೆಗೆದು ನೋಡಲಾರದು. ಬೀರುವಿನ ಕೀಲಿ ನಿಮ್ಮ ಹತ್ತಿರವಿದೆ.

ನಾಗೇಗೌಡರಿಂದ ಇನ್ನೊಂದು ಪಾಠ ಕಲಿಯಬಹುದು. ಅವರ ಒಂದು ಸಂಗ್ರಹದ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಹಾಡಿದವಳ ಹೆಸರು ಪುಸ್ತಕದ ನೆತ್ತಿಯ ಮೇಲೇ ಇದೆ.

ನಮ್ಮೂರುಗಳಲ್ಲಿ ಏನಾಗುತ್ತದೆ ನೋಡಿ. ಕುರುಕ್ಷೇತ್ರ ನಾಟಕದ ಕರಪತ್ರದಲ್ಲಿ ದುರ್ಯೋಧನ ಯಾರು, ಭೀಮ ಯಾರು, ಹಾರ್ಮೋನಿಯಂ ಮಾಸ್ಟರ್ ಯಾರು, ಸೀನರಿ ಯಾರದು, ಎಲ್ಲ ಅಚ್ಚಾಗುತ್ತದೆ. ಮದುವೆ ಕಾಗದದಲ್ಲಿ ನಡೆಯಲು ಬಾರದ ಕೂಸಿನ ಹೆಸರೂ ಇರುತ್ತದೆ. ಆದರೆ ಬೆಳಗಿನ ಜಾವದವರೆಗೆ ಗಂಟಲು ಒಣಗಿಸಿಕೊಂಡು ಹಾಡಿದ ಹೆಂಗಸಿನ ಹೆಸರು ಅಲ್ಲೂ ಇಲ್ಲ, ಸಿಡಿಯ ಮೇಲೂ ಇಲ್ಲ. ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್.ನರಸಿಂಹಸ್ವಾಮಿಯವರ ಕವಿತೆಗಳು ಕ್ಯಾಸೆಟ್ಟಾಗಿ ಮನೆಮನೆಗೆ ಬಂದಾಗ ಬರೆದವರು, ರಾಗ ಹಾಕಿದವರು, ಹಾಡಿದವರು ಯಾರೆಂದು ನಾಡಿಗೆಲ್ಲ ಗೊತ್ತಾಯಿತು. ಅದು ನ್ಯಾಯವೇ. ಅದೇ ನ್ಯಾಯ ಕಿಕ್ಕೇರಿ ಸುತ್ತಿನ ಗದ್ದೆಯಲ್ಲಿ ಹಾಡಿದವಳಿಗೆ ಯಾಕಿಲ್ಲ? ಅವಳು ಕೂಲಿಯವಳು, ಅಕ್ಷರ ಬಾರದವಳು ಎಂದೇ?

ಕಾನೂನು ಅವಳನ್ನು ಹಾಗೆ ನೋಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ, ಹಾಡುವವರಿಗೂ ಆಡುವವರಿಗೂ ಅವರ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. ಹಾವಾಡಿಗ, ದೊಂಬರಾಟದವರನ್ನೂ ಆ ಕಾಯ್ದೆ ಕಲಾವಿದರೆಂದೇ ಎಣಿಸುತ್ತದೆ. ಈ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯಲ್ಲಿ, ಹಾಡಿದ್ದು ನಾನು ಎಂದು ಗುರುತಿಸಿಕೊಳ್ಳುವ ಹಕ್ಕೂ ಸೇರಿತು. ಪದ ಊರಿನದಾಗಿರಬಹುದು, ಹಾಡಿದ ದನಿ ಅವಳದು. ಮನೆಯವರು ಕೇಳಲು ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅವಳನ್ನು ಒಂದು ಮಾತೂ ಕೇಳದೆ ಯೂಟ್ಯೂಬಿಗೆ ಹಾಕಿ, ತಮ್ಮ ಚಾನೆಲ್ಲಿನ ಹೆಸರು ಮಾತ್ರ ದೊಡ್ಡದಾಗಿ ಬರೆದುಕೊಳ್ಳುವುದು ಅನ್ಯಾಯ. ಕಾಸು ಬಂದರೆ ಅವಳಿಗೂ ಪಾಲು ಹೋಗಲಿ.

‘ಈಗ ಎಲ್ಲ ಫೋನಲ್ಲೇ ಇದೆಯಲ್ಲ’ ಎಂಬುದು ಇನ್ನೊಂದು ಮಾತು. ಫೋನು ನೀರಿಗೆ ಬಿದ್ದರೆ, ಕಳೆದರೆ, ಹೊಸದು ತಗೊಂಡರೆ ಹಾಡು ಎಲ್ಲಿ? ವಾಟ್ಸಾಪಿನಲ್ಲಿ ಹತ್ತು ಕೈ ದಾಟುವಷ್ಟರಲ್ಲಿ ಯಾರು ಹಾಡಿದ್ದು ಅನ್ನುವುದೇ ಮಾಯ. ಸಿಡಿಗೆ ಬಂದ ಗತಿಯೇ ಫೋನಿಗೂ ಬರುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಡಿಸ್ಕು ಹುಡುಕಿ. ಹಳೇ ಕಂಪ್ಯೂಟರ್ ಇನ್ನೂ ಇಟ್ಟುಕೊಂಡಿರುವ ಫೋಟೋ ಸ್ಟುಡಿಯೋ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಇದೆಯೇ ಎಂದು ವಿಚಾರಿಸಿ. ಆಡಿಯೋ ಸಿಡಿಯಲ್ಲಿ ಕಾಣುವ ಫೈಲುಗಳನ್ನು ಸುಮ್ಮನೆ ಕಾಪಿ ಮಾಡಿಕೊಂಡರೆ ಹಾಡು ಬರುವುದಿಲ್ಲ, ಬರೀ ವಿಳಾಸದ ಚೀಟಿ ಬರುತ್ತದೆ. ‘ರಿಪ್ ಮಾಡಿ, ವೇವ್ ಫೈಲ್ ಮಾಡಿಕೊಡಿ’ ಎಂದೇ ಕೇಳಿ. ನಿಮಿಷಕ್ಕೆ ಸುಮಾರು 10 ಎಂ.ಬಿ. ಆಗುತ್ತದೆ, ಒಂದು ಪೆನ್ ಡ್ರೈವಿನಲ್ಲಿ ಎಷ್ಟೋ ಡಿಸ್ಕು ಹಿಡಿಯುತ್ತದೆ. ಒಂದು ಪ್ಲೇಯರಿನಲ್ಲಿ ಓಡಲಿಲ್ಲವೆಂದು ಎಸೆಯಬೇಡಿ, ಬೇರೆಯದರಲ್ಲಿ ಹಾಕಿ ನೋಡಿ. ಕೊನೆಗೆ ‘ಫೈನಲೈಸ್’ ಮಾಡದೆ ಕೊಟ್ಟ ಡಿಸ್ಕುಗಳು ಎಲ್ಲ ಪ್ಲೇಯರಿನಲ್ಲೂ ಓಡುವುದಿಲ್ಲ. ಪ್ರತಿಯನ್ನು ಮೂರು ಮನೆಯಲ್ಲಿಡಿ. ಕ್ಯಾಸೆಟ್ಟು ಉಳಿದಿದ್ದರೆ ಅದನ್ನೂ ಎಸೆಯಬೇಡಿ.

ಆಮೇಲೆ ಹೆಸರು. ಡಿಸ್ಕನ್ನು ಊರಿನ ಹಿರಿಯ ಹೆಂಗಸರಿಗೆ ಕೇಳಿಸಿ. ದನಿ ಕೇಳಿದರೆ ‘ಇದು ನಮ್ಮ ದೊಡ್ಡವ್ವ’ ಎಂದು ಗುರುತು ಹಿಡಿಯುವವರು ಇನ್ನೂ ಇದ್ದಾರೆ. ಆ ಹೆಸರು, ಊರು, ಗೊತ್ತಾದರೆ ವರ್ಷ, ಇಷ್ಟನ್ನು ನಿಮ್ಮ ಬಾಯಲ್ಲೇ ಹೇಳಿ, ರೆಕಾರ್ಡ್ ಮಾಡಿ ಹಾಡಿನ ಮೊದಲಿಗೇ ಸೇರಿಸಿ. ಫೈಲಿನ ಹೆಸರನ್ನು ಯಾರಾದರೂ ಬದಲಾಯಿಸಬಹುದು. ಹಾಡಿನೊಳಗೇ ಹೇಳಿದ ಹೆಸರು ಹತ್ತು ಕೈ ದಾಟಿದರೂ ಹಾಡಿನ ಜೊತೆಗೇ ಹೋಗುತ್ತದೆ.

ಡಿಸ್ಕು ಪೂರ್ತಿ ಕೆಟ್ಟಿದ್ದರೂ ಹಾಡಿದವಳು ಇನ್ನೂ ಬದುಕಿರಬಹುದು. ಫೋನು ಕೈಯಲ್ಲಿದೆಯಲ್ಲ, ಈ ವಾರವೇ ಅವಳ ಜಗುಲಿಗೆ ಹೋಗಿ ಕೂತುಕೊಳ್ಳಿ. ಕೇಳಿ, ಅವಳು ಒಪ್ಪಿದರೆ ಹಾಡಿಸಿ. ಮುಂದಿನ ಮದುವೆ ಕಾಗದದಲ್ಲಿ ‘ಸೋಬಾನೆ ಹಾಡುವವರು’ ಎಂದು ಒಂದು ಸಾಲು ಹಾಕಿಸಿ, ಅದರ ಮುಂದೆ ಅವಳ ಹೆಸರು ಬರೆಸಿ.