ಸೈಟಿನವರಿಗೆ ಬಸ್ಸು ಬೇಡ, ಬಸ್ಸಿನವರಿಗೆ ಸೈಟಿಲ್ಲ!

ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ಹಾದಿಯಲ್ಲಿ, ಹೇಮಗುಡ್ಡದ ಆಸುಪಾಸು, ಬೆಳಗಿನ ಒಂಬತ್ತರ ಹೊತ್ತಿಗೆ ಹತ್ತು ನಿಮಿಷ ನಿಂತರೆ ಸಾಕು. ಜಿಲ್ಲೆಯ ಈಗಿನ ಜಾತಕ ಕಣ್ಣಿಗೆ ಬೀಳುತ್ತದೆ. ಕಾರುಗಳು ಸಾಲುಗಟ್ಟಿ ಓಡುತ್ತವೆ. ಒಂದೊಂದರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಅವುಗಳ ಹಿಂದೆ ಸರ್ಕಾರಿ ಬಸ್ಸು, ಫುಟ್‌ಬೋರ್ಡಿನ ತನಕ ಜನ. ರಸ್ತೆ ಬದಿ ಕೈ ಮಾಡುವವರನ್ನು ಹತ್ತಿಸಿಕೊಳ್ಳಲು ಕಂಡಕ್ಟರನಿಗೆ ಮನಸ್ಸಿದ್ದರೂ ಜಾಗ ಬೇಕಲ್ಲ?

ಕಾರಿನವರು ಪರದೇಶದವರೇನಲ್ಲ. ಗಂಗಾವತಿಯ ಹೊಸ ಬಡಾವಣೆಗಳವರು, ಕೊಪ್ಪಳದ ಕಚೇರಿಗಳಲ್ಲಿ ಕೆಲಸ ಇದ್ದವರು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಡಿ.ಸಿ. ಆಫೀಸು, ಜಿಲ್ಲಾ ಕಚೇರಿಗಳೆಲ್ಲ ಅಲ್ಲಿ ಕೂತವು. ಆದರೆ ದುಡ್ಡು ಗಂಗಾವತಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಆ ನೀರಿನ ಭತ್ತ, ಆ ಭತ್ತದ ರೈಸ್ ಮಿಲ್ಲು. ಹೀಗಾಗಿ ಮನೆ ಒಂದೂರಲ್ಲಿ, ಕುರ್ಚಿ ಇನ್ನೊಂದೂರಲ್ಲಿ. ಓಡಾಟವೇ ಬದುಕು.

ಕೊಪ್ಪಳದ ಮಗ್ಗುಲಿನ ಭಾಗ್ಯನಗರದ್ದೂ ಅದೇ ದಾರಿ. ಅದು ನೇಕಾರರ ಊರು, ಕೂದಲು ವ್ಯಾಪಾರಕ್ಕೆ ಹೆಸರಾದ ಊರು. ಕೊಪ್ಪಳಕ್ಕೂ ಅದಕ್ಕೂ ನಡುವೆ ಒಂದು ರೈಲು ಹಳಿ. ಮಗ್ಗದ ಸಪ್ಪಳ ಕೇಳುತ್ತಿದ್ದ ಊರ ಅಂಚಿಗೆ ಈಗ ಗೇಟು ಹಾಕಿದ ಮನೆಗಳು ಬಂದಿವೆ. ಬೆಳಿಗ್ಗೆ ಹಳಿ ದಾಟಿ ಹೋದವರು ದೀಪ ಹಚ್ಚುವ ಹೊತ್ತಿಗೆ ಮರಳುತ್ತಾರೆ.

ಹಗಲೆಲ್ಲ ಬಿಕೋ

ಈ ಬಡಾವಣೆಗಳಲ್ಲಿ ಬದುಕು ಹೇಗಿದೆ? ಮೇಲೆ ನೋಡಿದರೆ ಏನೂ ಕಡಿಮೆಯಿಲ್ಲ. ನಲ್ಲಿ ನೀರು ಬರದಿದ್ದರೆ ಸ್ವಂತ ಬೋರು. ಕರೆಂಟು ಹೋದರೆ ಯು.ಪಿ.ಎಸ್. ಕುಡಿಯಲು ಕ್ಯಾನಿನ ನೀರು. ಮಕ್ಕಳಿಗೆ ಶಾಲೆಯ ವ್ಯಾನು. ಕಳ್ಳರಿಗೆ ಸಿ.ಸಿ. ಕ್ಯಾಮೆರಾ.

ಆದರೆ ಹತ್ತು ಗಂಟೆಯಾದ ಮೇಲೆ ಓಣಿ ಬಿಕೋ ಅನ್ನುತ್ತದೆ. ಅರ್ಧ ಕಿಲೋ ಸಕ್ಕರೆ ಬೇಕಂದ್ರೂ ಗಾಡಿ ತೆಗೀಬೇಕು. ಮನೆಯಲ್ಲಿ ಉಳಿದ ವಯಸ್ಸಾದವರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ದಾರಿ ನೋಡುತ್ತಾರೆ. ಹಳೇ ಊರಲ್ಲಾದರೆ ಕಟ್ಟೆ ಇತ್ತು, ಗುಡಿ ಇತ್ತು, ಚಹಾದ ಅಂಗಡಿ ಇತ್ತು. ಇಲ್ಲಿ ಮಾತಿಗೆ ಸಿಗುವುದು ಪಾತ್ರೆ ತಿಕ್ಕಲು ಬರುವಾಕೆ, ಹಾಲು ಹಾಕುವವ. ಆಕೆ ಒಂದು ದಿನ ಬರಲಿಲ್ಲ ಅಂದ್ರೆ ಮನೆಯ ಗಡಿಯಾರವೇ ನಿಂತಂತೆ. ಆಕೆ ಬರಬೇಕಾದರೆ ಬಸ್ಸು ಬರಬೇಕು!

ಅರ್ಜಿ ಬರೆಯುವವರು ಎಲ್ಲಿ?

ಮೊದಲು ಮಾಸ್ತರರು, ಗುಮಾಸ್ತರು, ವಕೀಲರು, ಕೂಲಿಯವರು ಎಲ್ಲರಿಗೂ ಒಂದೇ ಬಸ್ಸಿತ್ತು. ಬಸ್ಸು ತಡವಾದರೆ ವಕೀಲರು ಡಿಪೋ ಮ್ಯಾನೇಜರಿಗೆ ಅರ್ಜಿ ಗೀಚುತ್ತಿದ್ದರು. ಮಾಸ್ತರರು ಸಹಿ ಹಾಕುತ್ತಿದ್ದರು. ಆ ಅರ್ಜಿಯ ಫಲ ಕೂಲಿಯವನಿಗೂ ಸಿಗುತ್ತಿತ್ತು. ಈಗ ಅರ್ಜಿ ಬರೆಯಬಲ್ಲವರು ಕಾರು ಹತ್ತಿದರು. ಬಸ್ಸಲ್ಲಿ ಉಳಿದವರಿಗೆ ಅರ್ಜಿ ಬರೆಯುವ ಪುರುಸೊತ್ತಿಲ್ಲ, ಬರೆದರೂ ಓದುವವರಿಲ್ಲ.

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಒಳ್ಳೆಯದೇ. ದುಡಿಯಲು ಹೋಗುವವರ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. 2025ರ ಜನವರಿಯಲ್ಲಿ ಟಿಕೆಟ್ ದರ ನೂರಕ್ಕೆ 15ರಷ್ಟು ಏರಿತು. ಗಂಡಸರು ಗೊಣಗಿ ಕೊಟ್ಟರು. ಆದರೆ ಪುಕ್ಕಟೆ ಇರಲಿ, ದುಬಾರಿ ಇರಲಿ, ಕಾಲಿಡಲು ಜಾಗವಿಲ್ಲದ ಬಸ್ಸಿನಿಂದ ಏನು ಬಂತು? 2019ರಲ್ಲಿ ಗಂಗಾವತಿಗೆ ರೈಲೂ ಬಂತು. ಅದು ಬರುವುದು ತನ್ನ ಹೊತ್ತಿಗೆ. ದಿನಗೂಲಿಯವರಿಗೆ ಬಸ್ಸೇ ಗತಿ.

ಇದು ಅಂಗಡಿಯವರ ಲೆಕ್ಕವೂ ಹೌದು. ಕಾರಿನ ಗಿರಾಕಿಗೆ ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಆತ ಹೊಸಪೇಟೆಗೋ ಹುಬ್ಬಳ್ಳಿಗೋ ಹೋಗುತ್ತಾನೆ, ಇಲ್ಲವೇ ಫೋನಿನಲ್ಲೇ ತರಿಸುತ್ತಾನೆ. ಗಲ್ಲಾ ತುಂಬಿಸುವುದು ಬಸ್ಸಿಳಿದು ಬರುವ ಹಳ್ಳಿಯ ಗಿರಾಕಿ. ಸಂಜೆ ಬಸ್ಸು ಸಿಗುವ ಖಾತ್ರಿಯಿಲ್ಲದಿದ್ದರೆ ಆತ ನಾಲ್ಕಕ್ಕೇ ಸಂತೆ ಮುಗಿಸಿ ಏಳುತ್ತಾನೆ. ನಷ್ಟ ಯಾರಿಗೆ?

ಕೊಳ್ಳಲಾಗದ್ದು ಒಂದಿದೆ

ದುಡ್ಡಿದ್ದವರು ಎಲ್ಲವನ್ನೂ ಕೊಂಡು ನಿಶ್ಚಿಂತೆಯಿಂದ ಇರಬಹುದು ಎಂಬುದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಕೋಟಿ ಕೊಟ್ಟು ಮನೆ ಕೊಂಡವರು 2024ರ ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾದರು. ಬೋರು ಬತ್ತಿದ ಮೇಲೆ ಕೋಟಿಯವನೂ ಕೊಡ ಹಿಡಿದವನೂ ಒಂದೇ.

ಅಷ್ಟು ದೂರ ಯಾಕೆ? ಕೊಪ್ಪಳದ ಮಗ್ಗುಲಲ್ಲೇ ಉಕ್ಕಿನ ಕಾರ್ಖಾನೆ ದೊಡ್ಡದಾಗುತ್ತದೆ ಎಂದಾಗ 2025ರ ಫೆಬ್ರವರಿ 24ರಂದು ಇಡೀ ಊರು ಬಂದ್ ಆಯಿತು. ಗವಿಮಠದ ಶ್ರೀಗಳೇ ಬೀದಿಗಿಳಿದರು. ಬಡಾವಣೆಯವರು, ಬಜಾರಿನವರು, ಹಮಾಲರು ಒಟ್ಟಿಗೆ ನಡೆದರು. ಯಾಕೆಂದರೆ ನೀರನ್ನು ಕ್ಯಾನಿನಲ್ಲಿ ತರಿಸಬಹುದು, ಗಾಳಿಯನ್ನು ತರಿಸಲಾಗದು. ಮರುತಿಂಗಳೇ ಸರ್ಕಾರ ಕೆಲಸ ನಿಲ್ಲಿಸಲು ಹೇಳಬೇಕಾಯಿತು. ಎಲ್ಲರಿಗೂ ಬೇಕಾದದ್ದನ್ನು ಎಲ್ಲರೂ ಕೇಳಿದರೆ ಕಿವುಡು ಸರ್ಕಾರಕ್ಕೂ ಕೇಳಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ ದನಿ ಬಸ್ಸಿಗೆ ಯಾಕಿಲ್ಲ? 2025ರ ಫೆಬ್ರವರಿಯಲ್ಲೇ ಅನಧಿಕೃತ ಸೈಟುಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಹೂಡಿ, ಸರ್ಕಾರ ತೆರಿಗೆಯ ದಾರಿ ಕಂಡುಕೊಂಡಿತು. ಸೈಟಿಗೆ ಖಾತೆ ಸಿಕ್ಕಿತು, ಪುರಸಭೆ-ನಗರಸಭೆಗಳಿಗೆ ದುಡ್ಡು ಬಂತು. ಆ ದುಡ್ಡಿನಲ್ಲಿ ಬಡಾವಣೆಯ ಬಾಯಿಗೊಂದು ಬಸ್ ತಂಗುದಾಣ ಕಟ್ಟಿ ಎಂದು ಕೇಳಿದ ಸೈಟಿನ ಮಾಲೀಕರು ಎಷ್ಟು ಮಂದಿ? ಕಚೇರಿ ಬಿಡುವ ಹೊತ್ತಿಗೆ ಎರಡು ಬಸ್ಸು ಹೆಚ್ಚಿಗೆ ಬಿಡಿ ಎಂದು ಕಾರಿನ ಕಿಟಕಿ ಇಳಿಸಿ ಹೇಳಿದವರು ಯಾರು? ಬಸ್ಸು ಸರಿಯಾಗಿದ್ದರೆ ಅರ್ಧ ಕಾರು ಮನೆಯಲ್ಲೇ ನಿಲ್ಲುತ್ತವೆ, ಪೆಟ್ರೋಲ್ ದುಡ್ಡೂ ಉಳಿಯುತ್ತದೆ.

ದಸರಾದಲ್ಲಿ ಹೇಮಗುಡ್ಡದ ದುರ್ಗಾಪರಮೇಶ್ವರಿಯ ದರ್ಶನಕ್ಕೆ ಕಾರಿನವರೂ ಬರುತ್ತಾರೆ, ಬಸ್ಸಿನವರೂ ಬರುತ್ತಾರೆ. ಅಮ್ಮನ ಮುಂದೆ ಇಬ್ಬರದೂ ಒಂದೇ ಸಾಲು. ಮರುದಿನ ಬೆಳಿಗ್ಗೆ ಅದೇ ರಸ್ತೆಯಲ್ಲಿ ಕಾರು ಮುಂದೆ, ಬಸ್ಸು ಹಿಂದೆ. ಕೈ ಮಾಡಿದವರು ಅಲ್ಲೇ ನಿಂತಿದ್ದಾರೆ.